ಚಿಕ್ಕವನಿಗೂ ಒಬ್ಬ ತಮ್ಮ

ಚಿಕ್ಕ ಮಕ್ಕಳಿರುವ ಮನೆಗೂ ಸಾಕುಪ್ರಾಣಿಗಳಿರುವ ಮನೆಗೂ ಒಂದು ಹೋಲಿಕೆಯಿದೆ. ಎರಡರಲ್ಲೂ ಇಟ್ಟ ವಸ್ತು ಇಟ್ಟ ಜಾಗದಲ್ಲಿರುವುದಿಲ್ಲ. ಇನ್ನು ಮಕ್ಕಳೂ ಪ್ರಾಣಿಗಳೂ ಒಟ್ಟಿಗೇ ಇರುವ ಮನೆಯಾದರಂತೂ ಕೇಳುವುದೇ ಬೇಡ. ಅಪ್ಪನ ಚಪ್ಪಲಿ ಒಂದು ಅಂಗಳದಲ್ಲಿ, ಇನ್ನೊಂದು ದಾಸವಾಳದ ಗಿಡದ ಬುಡದಲ್ಲಿ. ಒಣಹಾಕಿದ ಹಪ್ಪಳದ ಮೇಲೆ ಕೋಳಿಯ ಹೆಜ್ಜೆ. ಗಣಿತದ ಪುಸ್ತಕದ ಮೂಲೆ ಕರುವಿನ ಬಾಯಿಗೆ ಸಿಕ್ಕಿ ಒದ್ದೆ. "ಈ ಮನೆಯಲ್ಲಿ ಮನುಷ್ಯರು ಇರುವ ಹಾಗಿಲ್ಲ" ಎಂದು ದಿನಕ್ಕೆ ಮೂರು ಸಲ ಗೊಣಗುವ ಗೃಹಿಣಿಯೇ, ಸಂಜೆ ಬೆಕ್ಕು ಒಳಗೆ ಬರುವುದು ಸ್ವಲ್ಪ ತಡವಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಹಿತ್ತಿಲ ಬಾಗಿಲಲ್ಲಿ ನಿಂತು ಕರೆಯುತ್ತಾಳೆ.

ತೀರ್ಥಹಳ್ಳಿಯ ಕಡೆಯ ಅಂಥದೊಂದು ತೋಟದ ಮನೆ. ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ನಾಲ್ಕನೆಯ ತರಗತಿಯ ಹುಡುಗಿ, ಒಂದನೆಯ ತರಗತಿಯ ಹುಡುಗ. ಒಟ್ಟು ಐದು ಜನ. ಇದು ರೇಷನ್ ಕಾರ್ಡಿನ ಲೆಕ್ಕ. ಹುಡುಗನ ಲೆಕ್ಕ ಬೇರೆ. "ನಿಮ್ಮ ಮನೆಯಲ್ಲಿ ಎಷ್ಟು ಜನ?" ಎಂದು ಶಾಲೆಯಲ್ಲಿ ಟೀಚರು ಕೇಳಿದಾಗ ಅವನು ಬೆರಳು ಮಡಚಿ ಮಡಚಿ ಎಣಿಸಿ "ಇಪ್ಪತ್ತೊಂದು" ಎಂದುಬಿಟ್ಟ. ಟೀಚರು ದೊಡ್ಡ ಅವಿಭಕ್ತ ಕುಟುಂಬವೇ ಇರಬೇಕೆಂದು ಮೆಚ್ಚಿಕೊಂಡರು. ವಿಚಾರಿಸಿದಾಗ ತಿಳಿಯಿತು: ಮನುಷ್ಯರು ಐದು, ಹಸು ಒಂದು, ಕರು ಒಂದು, ನಾಯಿ ಒಂದು, ಬೆಕ್ಕು ಒಂದು, ಬೆಕ್ಕಿನ ಮರಿ ಮೂರು, ಕೋಳಿ ಒಂಬತ್ತು. ಕೂಡಿದ್ದರಲ್ಲಿ ಏನೂ ತಪ್ಪಿಲ್ಲವಾದ್ದರಿಂದ ಟೀಚರು ಸರಿ ಗುರುತು ಹಾಕಿ ಕಳಿಸಿದರು.

ಇಂಥ ಮನೆಯಲ್ಲಿ ಬೆಳೆಯುವ ಮಗುವಿಗೆ ಒಂದು ದೊಡ್ಡ ಅನುಕೂಲವುಂಟು. ಯಾವುದೇ ಸಂಸಾರದಲ್ಲಿ ಕಡೆಯ ಮಗುವಿನ ಸ್ಥಿತಿಯನ್ನು ಯೋಚಿಸಿ ನೋಡಿ. ಅದಕ್ಕೆ ಬೆಳಗಿನಿಂದ ರಾತ್ರಿಯವರೆಗೆ ಎಲ್ಲರೂ ಹೇಳುವವರೇ. ಓಡಬೇಡ, ಮುಟ್ಟಬೇಡ, ಒದ್ದೆಯಾಗಬೇಡ, ತಟ್ಟೆಯಲ್ಲಿ ಬಿಡಬೇಡ. ಅಕ್ಕನಾದವಳೂ ತನಗೆ ಅಮ್ಮ ಹೇಳಿದ್ದನ್ನೆಲ್ಲ ಒಂದು ಕಾಲು ಪಾಲು ಬಡ್ಡಿ ಸೇರಿಸಿ ತಮ್ಮನಿಗೆ ದಾಟಿಸುತ್ತಾಳೆ. ಆ ಬಡಪಾಯಿ ದಾಟಿಸಲು ಮಾತ್ರ ಯಾರೂ ಇಲ್ಲ. ಅವನು ಯಾರಿಗೂ ಅಣ್ಣನಲ್ಲ, ಯಾರಿಗೂ ದೊಡ್ಡವನಲ್ಲ. ಮನೆಗೆ ಒಂದು ಕರುವೋ ಕೋಳಿಮರಿಯೋ ಬಂದ ದಿನ ಅವನ ಸ್ಥಾನ ಬದಲಾಗುತ್ತದೆ. ಜಗತ್ತಿನಲ್ಲಿ ತನಗಿಂತ ಚಿಕ್ಕವರೊಬ್ಬರು ಇದ್ದಾರೆ, ಅವರಿಗೆ ತನ್ನಿಂದ ಏನೋ ಆಗಬೇಕಾಗಿದೆ ಎಂಬುದು ಅವನಿಗೆ ಮೊದಲ ಬಾರಿಗೆ ಗೊತ್ತಾಗುತ್ತದೆ. ಹುಡುಗ ಕೊಟ್ಟಿಗೆಯಲ್ಲಿ ನಿಂತು ಕರುವಿಗೆ, "ಓಡಬೇಡ, ಬಿದ್ದರೆ ನಾನು ಕೇಳೋನಲ್ಲ" ಎಂದು ಗದರುವುದನ್ನು ಕೇಳಿದರೆ, ದನಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಅವನ ಅಮ್ಮನದೇ. ಅಮ್ಮ ಅಡುಗೆಮನೆಯಲ್ಲಿ ನಿಂತು ಅದನ್ನು ಕೇಳಿಸಿಕೊಂಡು, ತಾನು ಹೀಗೆ ಮಾತಾಡುತ್ತೇನೆಯೇ ಎಂದು ನಾಚಿಕೊಂಡದ್ದೂ ಉಂಟು.

ಈ ಹಿರಿತನದ ಮೊದಲ ಪಾಠ ಆ ಮನೆಯಲ್ಲಿ ನಡೆದದ್ದು ಕಾವಿಗೆ ಕೂತ ಕೋಳಿಯ ಮುಂದೆ. ಅಜ್ಜಿ ಹೇಂಟೆಯನ್ನು ಕಾವಿಗೆ ಕೂರಿಸುವ ಕ್ರಮ ನೋಡಬೇಕು. ಹಳೆಯ ಬುಟ್ಟಿಗೆ ಹುಲ್ಲು ಹಾಸಿ, ಒಲೆಯ ಬೂದಿ ಉದುರಿಸಿ, ಹನ್ನೊಂದು ಮೊಟ್ಟೆ ಆರಿಸಿ, ಪ್ರತಿಯೊಂದಕ್ಕೂ ಇದ್ದಿಲಿನಿಂದ ಒಂದು ಗೀಟು ಎಳೆಯುತ್ತಾಳೆ. ಬೇರೆ ಕೋಳಿ ಬಂದು ಅದೇ ಬುಟ್ಟಿಯಲ್ಲಿ ಹೊಸ ಮೊಟ್ಟೆ ಇಟ್ಟುಹೋದರೆ ಗೊತ್ತಾಗಬೇಕಲ್ಲ, ಅದಕ್ಕೆ. ಆ ದಿನವೇ ಹುಡುಗ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಸುತ್ತು ಹಾಕಿದ. "ಇಪ್ಪತ್ತೊಂದು ದಿನ ಕಾಯಬೇಕು ಮಾರಾಯ" ಎಂದಳು ಅಜ್ಜಿ. ಎರಡು ನಿಮಿಷದಲ್ಲಿ ಬೇಯುವ ತಿಂಡಿಯನ್ನೂ ಒತ್ತಿದ ಕೂಡಲೇ ಬರುವ ಚಿತ್ರವನ್ನೂ ಕಂಡ ಇಂದಿನ ಮಕ್ಕಳಿಗೆ ಇಪ್ಪತ್ತೊಂದು ದಿನವೆಂದರೆ ಒಂದು ಯುಗ. ಮೊದಲ ವಾರ ಅವನು ದಿನಕ್ಕೆ ಹತ್ತು ಸಲ ಬುಟ್ಟಿಯ ಹತ್ತಿರ ಹೋಗಿ, ಹೇಂಟೆ ರೆಕ್ಕೆ ಕೆದರಿ ಕೊಕ್ಕರಿಸಿದಾಗ ಹಿಂದೆ ಸರಿದು, "ಅಜ್ಜಿ, ಇವತ್ತು ಮರಿ ಆಗ್ತದಾ?" ಎಂದು ಕೇಳಿ ಕೇಳಿ ಎಲ್ಲರ ತಲೆ ತಿಂದ.

ಎಂಟನೆಯ ರಾತ್ರಿ ಅಜ್ಜಿ ಒಂದು ಮೊಟ್ಟೆಯನ್ನು ಮೆಲ್ಲನೆ ತೆಗೆದು, ದೀಪ ಆರಿಸಿ, ಅಂಗೈಯ ಮರೆಯಲ್ಲಿ ಹಿಡಿದು ಕೆಳಗಿನಿಂದ ಟಾರ್ಚ್ ಹಾಕಿದಳು. ಕೆಂಪು ಬೆಳಕಿನೊಳಗೆ ಜೇಡರ ಬಲೆಯಂತೆ ರಕ್ತದ ಎಳೆಗಳು, ನಡುವೆ ಮಿಡುಕುವ ಒಂದು ಕಪ್ಪು ಚುಕ್ಕೆ. ಮಕ್ಕಳಿಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ಆಮೇಲೆ ಹುಡುಗ, ಇವತ್ತು ಮರಿಯಾಗುತ್ತದೆಯೇ ಎಂದು ಕೇಳುವುದನ್ನು ಬಿಟ್ಟ. ಬದಲಿಗೆ ಬುಟ್ಟಿಯ ಹತ್ತಿರ ಯಾರಾದರೂ ಜೋರಾಗಿ ಮಾತಾಡಿದರೆ "ಶ್" ಎನ್ನತೊಡಗಿದ. ಕಾಯುವುದು ಬೇರೆ, ನೋಡಿಕೊಳ್ಳುವುದು ಬೇರೆ ಎಂಬುದು ಅವನಿಗೆ ಆ ರಾತ್ರಿ ತಿಳಿದಿರಬೇಕು. ಹೇಂಟೆ ದಿನಕ್ಕೊಂದು ಸಲ ಮಾತ್ರ ಎದ್ದು, ಅವಸರದಲ್ಲಿ ನಾಲ್ಕು ಕಾಳು ತಿಂದು ನೀರು ಕುಡಿದು ಮರಳುವುದನ್ನೂ, ಕೊಕ್ಕಿನಿಂದ ಮೊಟ್ಟೆಗಳನ್ನು ಆಗಾಗ ಹೊರಳಿಸುವುದನ್ನೂ ಅವನು ಗಮನಿಸಿದ. ಕಾಳು ಮತ್ತು ನೀರು ಅದು ಏಳುವ ಹೊತ್ತಿಗೆ ಹತ್ತಿರದಲ್ಲಿರುವಂತೆ ನೋಡಿಕೊಳ್ಳುವ ಕೆಲಸ ಅವನ ಪಾಲಿಗೆ ಬಂತು. ಹೋಮ್‌ವರ್ಕ್ ಮರೆತ ದಿನಗಳುಂಟು. ಅದನ್ನು ಮರೆತ ದಿನವಿಲ್ಲ.

ಇಪ್ಪತ್ತೊಂದನೆಯ ದಿನ ಮೊಟ್ಟೆಯೊಂದರಲ್ಲಿ ಸಣ್ಣ ಬಿರುಕು ಕಂಡಿತು. ಒಳಗಿನಿಂದ ಕ್ಷೀಣವಾದ ಚಿಲಿಪಿಲಿ. ಮರಿಯ ಕೊಕ್ಕಿನ ತುದಿಯಲ್ಲಿ ಹಲ್ಲಿನಂಥ ಒಂದು ಪುಟ್ಟ ಗಂಟಿರುತ್ತದೆ. ಅದರಿಂದಲೇ ಅದು ಚಿಪ್ಪನ್ನು ಒಳಗಿನಿಂದ ಕುಟ್ಟುತ್ತದೆ. ಹೊರಗೆ ಬಂದ ಕೆಲವು ದಿನಗಳಲ್ಲಿ ಆ ಗಂಟು ತಾನಾಗಿ ಉದುರಿಹೋಗುತ್ತದೆ. ಮರಿ ಸ್ವಲ್ಪ ಕುಟ್ಟುವುದು, ಗಂಟೆಗಟ್ಟಲೆ ಸುಮ್ಮನಿರುವುದು, ಮತ್ತೆ ಕುಟ್ಟುವುದು. ಹುಡುಗನಿಗೆ ತಡೆಯಲಾಗಲಿಲ್ಲ. ಚಿಪ್ಪು ಬಿಡಿಸಿ ಸಹಾಯ ಮಾಡಲು ಕೈ ಚಾಚಿದ. ಅಜ್ಜಿ ಕೈ ಹಿಡಿದಳು. "ಅದರ ಕೆಲಸ ಅದು ಮಾಡ್ಲಿ. ನೀನು ಬಿಡಿಸಿದರೆ ರಕ್ತ ಸುರಿದು ಸಾಯ್ತದೆ." ಅಜ್ಜಿಯ ಮಾತು ಅನುಭವದ್ದು. ಚಿಪ್ಪಿನ ಒಳಪೊರೆಯ ರಕ್ತನಾಳಗಳು ಒಣಗಿ, ಹಳದಿ ಭಂಡಾರ ಮರಿಯ ಹೊಟ್ಟೆಯೊಳಕ್ಕೆ ಪೂರ್ತಿ ಎಳೆದುಕೊಳ್ಳುವವರೆಗೆ ಅದಕ್ಕೆ ಹೊರಗೆ ಬರುವ ಸಮಯವಾಗಿರುವುದಿಲ್ಲ. ಆ ಹಳದಿಯ ಬಲದಿಂದಲೇ ಮರಿ ಹುಟ್ಟಿದ ಮೇಲೂ ಒಂದೆರಡು ದಿನ ಏನೂ ತಿನ್ನದೆ ಇರಬಲ್ಲದು. ಮಕ್ಕಳ ಪ್ರತಿಯೊಂದು ಗಂಟನ್ನೂ ತಾವೇ ಬಿಚ್ಚಿಕೊಡುವ ತಂದೆತಾಯಿಯರು ಆ ಬುಟ್ಟಿಯ ಪಕ್ಕದಲ್ಲಿ ಒಂದು ಮಧ್ಯಾಹ್ನ ಕೂತು ನೋಡಿದರೆ ನಷ್ಟವೇನಿಲ್ಲ.

ಹನ್ನೊಂದರಲ್ಲಿ ಒಂಬತ್ತು ಮರಿಯಾದವು. ಮನೆಯ ಜನಸಂಖ್ಯೆ ಮೂವತ್ತಕ್ಕೇರಿತು. ಒಡೆಯದೆ ಉಳಿದ ಎರಡು ಮೊಟ್ಟೆಗಳನ್ನು ಅಜ್ಜಿ ತೋಟದಲ್ಲಿ ಹೂಳಲು ಹೊರಟಾಗ ಹುಡುಗ ಹಿಂದೆಯೇ ಹೋದ. "ಇವೆರಡು ಯಾಕೆ ಆಗ್ಲಿಲ್ಲ?" ಅಜ್ಜಿಯ ಹತ್ತಿರ ಉತ್ತರವಿರಲಿಲ್ಲ. "ಕೆಲವು ಆಗೋದಿಲ್ಲ" ಎಂದಳು, ಅಷ್ಟೆ. ಹುಡುಗ ಮಣ್ಣು ಮುಚ್ಚಲು ಕೈಗೂಡಿಸಿದ.

ಹಸುವಿನ ವಿಚಾರ ಇನ್ನೂ ದೊಡ್ಡದು. ಮಲೆನಾಡು ಗಿಡ್ಡ ಎಂದರೆ ಹೆಸರೇ ಹೇಳುವಂತೆ ಕುಳ್ಳು ತಳಿ. ಒಂದನೆಯ ತರಗತಿಯ ಹುಡುಗನೂ ಅದರ ಬೆನ್ನ ಮೇಲೆ ಕೈಯಿಡಬಹುದು. ಹಾಲು ಕೊಡುವುದು ಸ್ವಲ್ಪವೇ. ಆದರೆ ಮಳೆಗೆ, ಗುಡ್ಡಕ್ಕೆ, ಸಿಕ್ಕಿದ ಹುಲ್ಲಿಗೆ ಒಗ್ಗಿದ ಜಾತಿ. ಒಂದು ಕಾಲದಲ್ಲಿ ಲೆಕ್ಕಕ್ಕೇ ಇಲ್ಲದಿದ್ದ ಈ ಹಸು ಈಗ ಅಧಿಕೃತವಾಗಿ ನೋಂದಾಯಿತವಾದ ದೇಶೀ ತಳಿಗಳಲ್ಲಿ ಒಂದು. ಆ ಮನೆಯ ಗೌರಿ ಕರು ಹಾಕಿದ್ದು ಒಂದು ಮಳೆಗಾಲದ ಬೆಳಗಿನ ಜಾವ. ಮಕ್ಕಳನ್ನು ಎಬ್ಬಿಸಬೇಕೇ ಬೇಡವೇ ಎಂದು ಅಪ್ಪ ಅಮ್ಮ ಚರ್ಚೆ ಮಾಡುತ್ತಿರುವಾಗ ಅವರೇ ಎದ್ದು ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಹಸು ಕರುವನ್ನು ನೆಕ್ಕಿ ನೆಕ್ಕಿ ಒಣಗಿಸಿತು. ಕರು ನಾಲ್ಕು ಕಾಲುಗಳನ್ನು ನಾಲ್ಕು ದಿಕ್ಕಿಗೆ ಚಾಚಿ ಏಳಲು ಹೋಗಿ ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು. ಹುಡುಗಿ ತನಗೆ ಗೊತ್ತಿಲ್ಲದೆಯೇ ಪ್ರತಿ ಸಲವೂ ಅದರ ಜೊತೆಗೆ ಮೊಣಕಾಲು ಬಗ್ಗಿಸಿ ಎದ್ದಳು. ಕಡೆಗೆ ಕರು ನಿಂತಾಗ ಕೊಟ್ಟಿಗೆಯಲ್ಲಿ ಚಪ್ಪಾಳೆ!

ಮೊದಲ ಹಾಲು ಕರುವಿಗೇ ಸಲ್ಲಬೇಕೆಂಬುದು ಹಿಂದಿನಿಂದ ಬಂದ ಪದ್ಧತಿ. ಪಶುವೈದ್ಯರು ಹೇಳುವುದೂ ಅದನ್ನೇ. ಹಸುವಿನ ಗರ್ಭದಲ್ಲಿರುವಾಗ ಕರುವಿಗೆ ತಾಯಿಯ ರೋಗನಿರೋಧಕ ಶಕ್ತಿ ದಾಟಿಬರುವುದಿಲ್ಲ. ಅದು ಬರುವುದು ಹುಟ್ಟಿದ ಕೆಲವೇ ಗಂಟೆಗಳೊಳಗೆ ಕುಡಿಯುವ ಗಟ್ಟಿ ಹಾಲಿನಿಂದ. ಕರು ಕುಡಿದು ಮಿಕ್ಕಿದ್ದರಲ್ಲಿ ಮನೆಯಲ್ಲಿ ಗಿಣ್ಣು ಆಯಿತು. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣನ್ನು ಬಾಯಿಗಿಟ್ಟುಕೊಳ್ಳುತ್ತ ಹುಡುಗಿ ಕೇಳಿದಳು: "ಅಮ್ಮ, ಇದು ಕರುವಿನದಲ್ಲವಾ? ನಾವ್ಯಾಕೆ ತಿನ್ನೋದು?"

ಊಟದ ಮನೆಯಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಇಂಥ ಪ್ರಶ್ನೆಗೆ "ಸುಮ್ಮನೆ ತಿನ್ನು" ಎನ್ನುವುದು ಸುಲಭ. ಅಮ್ಮ ಹಾಗೆನ್ನಲಿಲ್ಲ. ಗೌರಿಗೆ ಹುಲ್ಲು, ಹಿಂಡಿ, ಅಕ್ಕಚ್ಚು ಕೊಡುವವರು ನಾವು, ಅದು ಹಾಲು ಕೊಡುತ್ತದೆ, ಆದರೆ ಕರುವಿನ ಪಾಲನ್ನು ಕರುವಿಗೆ ಬಿಡದಿದ್ದರೆ ಅದು ಮೋಸವಾಗುತ್ತದೆ ಎಂದು ತನಗೆ ತಿಳಿದಂತೆ ಹೇಳಿದಳು. "ಬಿಡ್ತಾರೋ ಇಲ್ವೋ ನಾನು ನೋಡ್ತೀನಿ" ಎಂದಳು ಮಗಳು. ಅಂದಿನಿಂದ ಬೆಳಿಗ್ಗೆ ಹಾಲು ಕರೆಯುವಾಗ ಪಕ್ಕದಲ್ಲಿ ಒಬ್ಬ ಇನ್‌ಸ್ಪೆಕ್ಟರ್ ನಿಂತಿರತೊಡಗಿದಳು. ಅಪ್ಪ ನಾಲ್ಕನೆಯ ಮೊಲೆಗೆ ಕೈಯಿಟ್ಟರೆ ಸಾಕು, "ಅದು ಅವಳದ್ದು" ಎಂಬ ಎಚ್ಚರಿಕೆ. ಕಾಫಿಗೆ ಹಾಲು ಕಡಿಮೆಯಾದದ್ದು ನಿಜ. ಆದರೆ ಆ ವರ್ಷ ಕರು ಬೆಳೆದ ಹಾಗೆ ಹಿಂದೆ ಯಾವ ಕರುವೂ ಬೆಳೆದಿರಲಿಲ್ಲವೆಂದು ಅಪ್ಪನೇ ನೆರೆಯವರೊಡನೆ ಹೇಳಿಕೊಂಡ.

ಪುಣ್ಯಕೋಟಿಯ ಗೋವಿನ ಹಾಡನ್ನು ಕನ್ನಡದ ಮಕ್ಕಳು ತಲೆಮಾರುಗಳಿಂದ ಕೇಳುತ್ತ ಬಂದಿದ್ದಾರೆ. ಕೊಟ್ಟಿಗೆಯಿಲ್ಲದ ಮನೆಯ ಮಗುವಿಗೆ ಅದು ಸತ್ಯ ಹೇಳಬೇಕೆಂಬ ನೀತಿಯ ಕತೆ. ಸಂಜೆ ಹಸು ಮೇವಿನಿಂದ ಬರುವುದು ತಡವಾದಾಗ ಕರು ಹಗ್ಗ ಜಗ್ಗಿ ಕೂಗುವುದನ್ನು ಕೇಳಿದ ಮಗುವಿಗೆ ಅದು ಬೇರೆಯೇ ಕತೆ. ಆ ಹುಡುಗಿ ಗೋವಿನ ಹಾಡನ್ನು ಕಲಿತ ದಿನ ಮನೆಗೆ ಬಂದವಳೇ ಪುಸ್ತಕದ ಚೀಲ ಇಳಿಸದೆ ಕೊಟ್ಟಿಗೆಗೆ ಹೋಗಿ, ಗೌರಿ ಬಂದಿದೆಯೇ ಎಂದು ನೋಡಿಕೊಂಡು ಒಳಗೆ ಬಂದಳು. ದೀಪಾವಳಿಯಲ್ಲಿ ಗೋಪೂಜೆಯ ದಿನವಂತೂ ಮಕ್ಕಳದೇ ಕಾರುಬಾರು. ಹಸುವಿನ ಮೈ ತೊಳೆಯುವುದು, ಜೇಡಿ ಕೆಮ್ಮಣ್ಣುಗಳಲ್ಲಿ ಅಳತೆಯ ಸಿದ್ದೆಯ ಬಾಯಿ ಅದ್ದಿ ಮೈತುಂಬ ಉಂಗುರ ಒತ್ತುವುದು, ಅಡಿಕೆಯ ಸರ, ಚೆಂಡುಹೂವಿನ ಸರ ಕಟ್ಟುವುದು. ಒತ್ತಿದ ಉಂಗುರಗಳಲ್ಲಿ ಅರ್ಧ ಹುಡುಗನ ಅಂಗಿಯ ಮೇಲೆ. ಕರು ತನ್ನ ಕೊರಳ ಸರವನ್ನು ತಾನೇ ತಿಂದು ಮುಗಿಸಿತು.

ಬೆಕ್ಕಿನ ಸಂಸಾರದ ರೀತಿಯೇ ಬೇರೆ. ಅದಕ್ಕೆ ಯಾರ ಅನುಮತಿಯೂ ಬೇಡ. ಮರಿ ಹಾಕಿದ ಬೆಕ್ಕು ಏಳು ಮನೆ ಬದಲಿಸುತ್ತದೆಂದು ಗಾದೆಯಂತೆ ಹೇಳುತ್ತಾರೆ. ಆ ಮನೆಯಲ್ಲಿ ಅದು ಅಟ್ಟ, ಭತ್ತದ ಪಣತದ ಮೂಲೆ, ಹಾಸಿಗೆ ಸುರುಳಿ ಎಲ್ಲ ಮುಗಿಸಿ ಅಪ್ಪನ ಕಾಗದಪತ್ರಗಳ ಕಪಾಟಿನಲ್ಲಿ ನೆಲೆಸಿತು. "ಬೆಕ್ಕು ಒಳಗೆ ಬರಕೂಡದು" ಎಂದು ಕಾನೂನು ಮಾಡಿದವನು ಆ ಅಪ್ಪನೇ. ಪಹಣಿ ಪತ್ರ ಬೇಕಾದ ದಿನ ಕಪಾಟು ತೆರೆದು, ಕಣ್ಣು ಬಿಡದ ಮೂರು ಮರಿಗಳನ್ನು ನೋಡಿ, ಮೆಲ್ಲನೆ ಬಾಗಿಲು ಮುಂದೆ ಮಾಡಿ, "ನಾಳೆ ಹೋದರಾಯ್ತು ತಾಲ್ಲೂಕು ಕಚೇರಿಗೆ" ಎಂದ. ಬೆಕ್ಕಿನ ಮರಿ ಕಣ್ಣು ಬಿಡಲು ಒಂದು ವಾರದಿಂದ ಹತ್ತು ದಿನ ಬೇಕು. ಅಷ್ಟು ದಿನವೂ ಪಹಣಿಗೆ ಅವಸರವಿರಲಿಲ್ಲ.

ಪ್ರಾಣಿಗಳ ಸಂಗ ಸಂತೋಷವೆಂದು ಹೇಳುವಾಗ ಎಚ್ಚರದ ಮಾತನ್ನು ಬಿಡಬಾರದು. ನಾಯಿ ಮಕ್ಕಳಿಗೆ ಪ್ರಾಣಸ್ನೇಹಿತನಾದೀತು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ನಾಯಿಗುತ್ತಿಯ ಹುಲಿಯ, ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಕಿವಿ ಮನುಷ್ಯ ಪಾತ್ರಗಳಷ್ಟೇ ನೆನಪಿನಲ್ಲಿ ಉಳಿದಿವೆ. ಆ ಮನೆಯ ಕರಿಯನೂ ಬೆಳಿಗ್ಗೆ ಮಕ್ಕಳನ್ನು ಬಸ್ಸಿನವರೆಗೆ ಬಿಟ್ಟು, ಸಂಜೆ ಬಸ್ಸಿನ ಸದ್ದು ಮನುಷ್ಯರ ಕಿವಿಗೆ ಬೀಳುವ ಮೊದಲೇ ಎದ್ದು ಗೇಟಿನ ಹತ್ತಿರ ನಿಲ್ಲುತ್ತಾನೆ. ಆದರೂ ಉಣ್ಣುವ ನಾಯಿಯನ್ನು, ಮಲಗಿದ ನಾಯಿಯನ್ನು, ಮರಿ ಹಾಕಿದ ನಾಯಿಯನ್ನು ಮುಟ್ಟಬಾರದೆಂದು ಮಕ್ಕಳಿಗೆ ಮೊದಲೇ ಕಲಿಸಬೇಕು. ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದಂತೆ ಮುಂದುವರಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಎಷ್ಟೋ ಮಕ್ಕಳು ನಾಯಿ ಕಚ್ಚಿದ್ದನ್ನೋ ಬೆಕ್ಕು ಪರಚಿದ್ದನ್ನೋ ಮನೆಯಲ್ಲಿ ಹೇಳುವುದಿಲ್ಲ. ಹೇಳಿದರೆ ಬೈಗುಳ, ಮೇಲೆ ಇಂಜೆಕ್ಷನ್, ಕಡೆಗೆ ನಾಯಿಯನ್ನೇ ಮನೆಯಿಂದ ಕಳಿಸಿಬಿಡುತ್ತಾರೆಂಬ ಭಯ. ಆ ಮೌನ ಪ್ರಾಣಕ್ಕೆ ಎರವಾದೀತು. ರೇಬೀಸ್‌ನ ಲಕ್ಷಣ ಒಮ್ಮೆ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಲಕ್ಷಣ ಬರುವ ಮೊದಲು ಲಸಿಕೆ ತೆಗೆದುಕೊಂಡರೆ ತಡೆಯಬಹುದು. 1885ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಮೊದಲು ಈ ಚಿಕಿತ್ಸೆ ಕೊಡಿಸಿದ ಜೋಸೆಫ್ ಮೈಸ್ಟರ್, ನಾಲ್ಕನೆಯ ತರಗತಿಯ ವಯಸ್ಸಿನ, ಒಂಬತ್ತು ವರ್ಷದ ಹುಡುಗ. ಅವನು ಬದುಕಿದ. ಆದ್ದರಿಂದ ಕಚ್ಚಿದ ಜಾಗವನ್ನು ಕೂಡಲೇ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಅದಕ್ಕೆ ಮೊದಲು, "ಏನಾದರೂ ಆದರೆ ನಮಗೆ ಹೇಳು, ಬೈಯುವುದಿಲ್ಲ" ಎಂಬ ಮಾತನ್ನು ಮಕ್ಕಳಿಗೆ ಕೊಟ್ಟಿರಬೇಕು, ಕೊಟ್ಟ ಮೇಲೆ ನಡೆಸಬೇಕು. ಮಲೆನಾಡಿನವರಿಗೆ ಉಣುಗಿನ ಚಿಂತೆಯೂ ಉಂಟು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಬೇಸಗೆಯಲ್ಲಿ ಕಾಡಿನಿಂದ ಬಂದ ದನ, ನಾಯಿಗಳ ಮೈಯನ್ನೂ ಮಕ್ಕಳ ಮೈಯನ್ನೂ ನೋಡುವುದು ಆ ಕಡೆಯ ಅಮ್ಮಂದಿರ ಸಂಜೆಯ ಕೆಲಸಗಳಲ್ಲೊಂದು.

ಇಷ್ಟೆಲ್ಲ ಸುಖದ ನಡುವೆ ಒಂದು ಕಷ್ಟದ ದಿನ ಬರದೆ ಇರುವುದಿಲ್ಲ. ಆ ಮನೆಗೂ ಬಂತು. ಒಂಬತ್ತು ಮರಿಗಳಲ್ಲಿ ಮೂರನ್ನು ಹದ್ದೂ ಮುಂಗುಸಿಯೂ ಕಂತಿನ ಮೇಲೆ ಹೊತ್ತುಕೊಂಡು ಹೋದವು. ಉಳಿದ ಆರರಲ್ಲಿ ಕಡೆಗೆ ಹುಟ್ಟಿದ, ಮೈತುಂಬ ಚುಕ್ಕೆಯಿದ್ದ ಒಂದಕ್ಕೆ ಹುಡುಗ ಚುಕ್ಕಿ ಎಂದು ಹೆಸರಿಟ್ಟ. ಕೋಳಿಗೆ ಹೆಸರಿಡಬಾರದೆಂಬುದು ಅಜ್ಜಿಯ ನಿಯಮ. ಏಕೆಂದು ಯಾರೂ ಅವನಿಗೆ ಬಿಡಿಸಿ ಹೇಳಿರಲಿಲ್ಲ. ಹೇಂಟೆಯಾಗಿದ್ದರೆ ಮೊಟ್ಟೆಗಾಗಿಯಾದರೂ ಉಳಿಯುತ್ತಿತ್ತು. ಐದು ತಿಂಗಳಾಗುವಷ್ಟರಲ್ಲಿ ಚುಕ್ಕಿಗೆ ಕೆಂಪು ಜುಟ್ಟು ಬಂದು, ಬಾಲದ ಗರಿ ಬಾಗಿ, ಒಂದು ಬೆಳಿಗ್ಗೆ ಬೇಲಿಯ ಮೇಲೆ ಹತ್ತಿ ಒಡೆದ ದನಿಯಲ್ಲಿ ಕೂಗಿತು. ಚುಕ್ಕಿ ಹುಂಜ.

ಭಾನುವಾರ ಸೋದರತ್ತೆ ಮಾವ ಬರುತ್ತೇವೆಂದು ಫೋನ್ ಮಾಡಿದ್ದರು. ಮಲೆನಾಡಿನ ಅಂಥ ಮನೆಗಳಲ್ಲಿ ನೆಂಟರು ಬಂದರೆ ಕಡುಬು, ಕೋಳಿಸಾರು. ಬಲಿತ ಹುಂಜವೆಂದರೆ ಚುಕ್ಕಿಯೊಂದೇ. ಶನಿವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಹಿರಿಯರ ಸಭೆ ಸೇರಿತು. ಅಪ್ಪನ ಸಲಹೆ, ಎಲ್ಲ ಮನೆಗಳಲ್ಲೂ ಆಗುವಂಥದೇ: "ಬೆಳಿಗ್ಗೆ ಅವನು ಏಳುವ ಮೊದಲು ಮುಗಿಸಿಬಿಡುವ. ಕೇಳಿದರೆ ನರಿ ಹೊತ್ಕೊಂಡು ಹೋಯ್ತು ಅಂದರಾಯ್ತು." ಅಮ್ಮನಿಗೂ ಬೇರೆ ದಾರಿ ಕಾಣಲಿಲ್ಲ. ಅಜ್ಜಿ ಮಾತ್ರ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಕೇಳಿದಳು: "ಕಾಳು ನೀರು ಇಟ್ಟು ಕಾದವನು ಅವನು. ಅವನಿಗೇ ಸುಳ್ಳು ಹೇಳಿದ ಮೇಲೆ, ನಾಳೆ ಅವನು ಸುಳ್ಳು ಹೇಳಿದರೆ ನೀವು ಯಾವ ಬಾಯಲ್ಲಿ ಬೈತೀರಿ?"

ಬೆಳಿಗ್ಗೆ ಅಜ್ಜಿಯೇ ಹುಡುಗನನ್ನು ಜಗಲಿಯಲ್ಲಿ ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇಷ್ಟು ದಿನ ತಟ್ಟೆಗೆ ಬಂದ ಸಾರು ಎಲ್ಲಿಂದ ಬಂತೆಂಬುದನ್ನೂ ಮುಚ್ಚಿಡಲಿಲ್ಲ. ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಅದಕ್ಕೆ ನೋವಾಗ್ತದಾ?" ಅಜ್ಜಿ "ಆಗ್ತದೆ" ಎಂದಳು. "ಹಾಗಾದ್ರೆ ಚುಕ್ಕಿ ಬೇಡ" ಎಂದ. ಅಳಲಿಲ್ಲ, ಹಟ ಮಾಡಲಿಲ್ಲ. ಹಟ ಮಾಡಿದ್ದರೆ ಗದರಿಸಿ ಸುಮ್ಮನಾಗಿಸುವುದು ಹಿರಿಯರಿಗೆ ಸುಲಭವಾಗುತ್ತಿತ್ತು. ತನ್ನ ಕೈಕೆಳಗಿನವರೊಬ್ಬರ ಪರವಾಗಿ ಹಿರಿಯನೊಬ್ಬ ಮಾತಾಡುವ ಹಾಗೆ ಮಾತಾಡಿದ. ಅದಕ್ಕೆ ಉತ್ತರ ಕೊಡುವುದು ಕಷ್ಟ.

ಆ ಭಾನುವಾರ ಕಡುಬಿನ ಜೊತೆ ಮೊಟ್ಟೆಸಾರು ಆಯಿತು. ಅತ್ತೆ ಕಾರಣ ಕೇಳಿ ನಕ್ಕರು. ಮಾವನಿಗೆ ಒಳಗೊಳಗೇ ಬೇಸರವಾಗಿರಬಹುದು. ಹಾಗೆಂದು ಆ ಮನೆಯವರು ಕೋಳಿ ತಿನ್ನುವುದನ್ನು ಬಿಟ್ಟರೆಂದು ಹೇಳಿದರೆ ಸುಳ್ಳಾದೀತು. ಮುಂದಿನ ಹಬ್ಬಕ್ಕೆ ಬೇರೆ ಹುಂಜ ಸಾರಾಯಿತು. ಹುಡುಗನಿಗೆ ಮೊದಲೇ ತಿಳಿಸಿದ್ದರು. ಅವನು ಆ ದಿನ ಕಡುಬಿಗೆ ಕಾಯಿಹಾಲು ಹಾಕಿಸಿಕೊಂಡು ಉಂಡ. ಮುಂದೆ ಅವನು ತಿನ್ನುತ್ತಾನೋ ಬಿಡುತ್ತಾನೋ ಅವನಿಗೇ ಬಿಟ್ಟದ್ದೆಂದು ಮನೆಯವರು ಒಪ್ಪಿಕೊಂಡಿದ್ದಾರೆ. ಚುಕ್ಕಿ ಈಗಲೂ ಬೆಳಗಿನ ನಾಲ್ಕು ಗಂಟೆಗೆ ಅಪ್ಪನ ಕಿಟಕಿಯ ಕೆಳಗೇ ನಿಂತು ಕೂಗುತ್ತದೆ.

ಹಸು, ಕೋಳಿ, ತೋಟ ಎಲ್ಲರಿಗೂ ಎಲ್ಲಿಂದ ಬರಬೇಕು? ಪಟ್ಟಣದ ಎರಡು ಕೋಣೆಯ ಮನೆಯಲ್ಲಿ, ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಇರುವವರು ಏನು ಮಾಡಬೇಕು? ಹುಟ್ಟುಹಬ್ಬದ ಉಡುಗೊರೆಯೆಂದು ಅಂಗಡಿಯಿಂದ ನಾಯಿಮರಿ ತಂದು, ಆರು ತಿಂಗಳಲ್ಲಿ ಬೇಸತ್ತು ಯಾರಿಗೋ ದಾಟಿಸುವುದು ಖಂಡಿತ ದಾರಿಯಲ್ಲ. ಆಟಿಕೆ ಹಳತಾದರೆ ಎಸೆಯಬಹುದೆಂಬ ಪಾಠವನ್ನೇ ಮಗು ಅದರಿಂದ ಕಲಿಯುತ್ತದೆ. ಗಿಳಿ ಹಿಡಿದು ಪಂಜರದಲ್ಲಿಡುವುದೂ ಸಲ್ಲದು. ನಮ್ಮ ನಾಡಿನ ಗಿಳಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಆದರೆ ಬಾಲ್ಕನಿಯಲ್ಲಿ ಒಂದು ಮಣ್ಣಿನ ತಟ್ಟೆಗೆ ನೀರಿಡಬಹುದು. ಬೇಸಗೆಯಲ್ಲಿ ಮೊದಲ ದಿನ ಯಾವ ಹಕ್ಕಿಯೂ ಬರುವುದಿಲ್ಲ. ಎರಡನೆಯ ದಿನವೂ ಬರಲಿಕ್ಕಿಲ್ಲ. ಒಂದು ವಾರ ಬಿಟ್ಟು ಒಂದು ಕಾಗೆಯೋ ಅಳಿಲೋ ಪಾರಿವಾಳವೋ ಬಂದು ಕುತ್ತಿಗೆ ಬಗ್ಗಿಸಿ ಕುಡಿದುಹೋಗುತ್ತದೆ. ಆಗ ನೀರು ತುಂಬಿಸುವ ಕೆಲಸ ಯಾರದೆಂದು ಗೊತ್ತು ಮಾಡಿ, ಅದನ್ನು ಮನೆಯ ಅತಿ ಚಿಕ್ಕವರಿಗೇ ಕೊಡಬೇಕು. ಎರಡು ದಿನಕ್ಕೊಮ್ಮೆ ತಟ್ಟೆ ತೊಳೆದು ಹೊಸ ನೀರು ಹಾಕುವುದೂ ಅವರದೇ ಕೆಲಸ. ಇಲ್ಲವಾದರೆ ಸೊಳ್ಳೆಯ ಸಂಸಾರ ಬೆಳೆಯುತ್ತದೆ. ಪರೀಕ್ಷೆಯ ದಿನವೂ ಆ ಕೆಲಸಕ್ಕೆ ರಜೆ ಕೊಡಬಾರದು. ಬಾಯಾರಿದ ಹಕ್ಕಿಗೆ ಪರೀಕ್ಷೆಯ ವೇಳಾಪಟ್ಟಿ ಗೊತ್ತಿಲ್ಲವಲ್ಲ! ಬೇಸಗೆ ರಜೆಯಲ್ಲಿ ಅಜ್ಜನ ಮನೆಗೆ ಹೋದಾಗ ಮಕ್ಕಳನ್ನು ಕೊಟ್ಟಿಗೆಯ ವಾಸನೆಯೆಂದು ದೂರವಿಡುವ ಬದಲು ಒಂದು ಬುಟ್ಟಿ ಹುಲ್ಲನ್ನು ಅವರ ತಲೆಯ ಮೇಲಿಟ್ಟು ಕಳಿಸಿದರೆ, ಊರಿಗೆ ಮರಳಿದ ಮೇಲೆ ಅವರು ಹೇಳುವ ಕತೆಗಳೇ ಬೇರೆಯಾಗಿರುತ್ತವೆ.

ಶಾಲೆಯ ಅಂಕಪಟ್ಟಿಯಲ್ಲಿ ಕನ್ನಡಕ್ಕೆ, ಗಣಿತಕ್ಕೆ, ಚಿತ್ರಕಲೆಗೆ ಜಾಗವಿದೆ. ಸಂಜೆ ಬೆಳಕು ಮಂದವಾಗುವ ಹೊತ್ತಿಗೆ ಯಾರೂ ಹೇಳದೆ ಎದ್ದು ಹೋಗಿ, ಗೂಡಿನ ಬಾಗಿಲಲ್ಲಿ ಕೂತು ಕೋಳಿಗಳನ್ನು ಎಣಿಸುವುದಕ್ಕೆ ಅದರಲ್ಲಿ ಕಾಲಮ್ಮಿಲ್ಲ. ಎಣಿಸುವಾಗ ಒಂದು ಕಡಿಮೆಯಾದರೆ ಒಂದನೆಯ ತರಗತಿಯ ಹುಡುಗ ಕತ್ತಲೆಗೆ ಹೆದರುವವನಾದರೂ ಟಾರ್ಚ್ ಹಿಡಿದು ಹೊರಡುತ್ತಾನೆ. ಅಕ್ಕನನ್ನು ಜೊತೆಗೆ ಕರೆಯುತ್ತಾನೆ. ಮೊದಲೆಲ್ಲ ಅವಳ ಹಿಂದೆ ನಡೆಯುತ್ತಿದ್ದವನು ಈಗ ಮುಂದೆ ನಡೆಯುತ್ತಾನೆ. ತಪ್ಪಿಸಿಕೊಂಡದ್ದು ಸಾಮಾನ್ಯವಾಗಿ ಹಲಸಿನ ಮರದ ಕೆಳಗಿನ ಕೊಂಬೆಯಲ್ಲಿ ಕೂತಿರುತ್ತದೆ. ಅಪ್ಪ ಅಮ್ಮ ಆಗ ಮಾಡಬೇಕಾದದ್ದು ಹೆಚ್ಚೇನಿಲ್ಲ. ಅಂಗಳದ ದೀಪ ಹಾಕಿ, ಊಟಕ್ಕೆ ಸ್ವಲ್ಪ ತಡವಾದರೂ ಕಾಯಬೇಕು.